ಕಟ್ಟೆಯೆತ್ತರದ ಗಾಡಿ

ದಾನಪ್ಪನಿಗೆ ಹೆದರಿಕೆ ಹೊಸದಲ್ಲ. ಮುಂಬಯಿಯ ಬೊರಿವಲಿಯ ಮನೆಯಿಂದ ಬೆಳಗ್ಗೆ ಆಫೀಸಿಗೆ ಹೊರಟವನು ಲಿಫ್ಟಿನ ತನಕ ಹೋಗಿ, ಗ್ಯಾಸ್ ಬಂದ್ ಮಾಡಿದೆವೋ ಇಲ್ಲವೋ ಎಂದು ವಾಪಸು ಬಂದು ನೋಡುವುದು ಬಿಲ್ಡಿಂಗಿಗೆಲ್ಲ ಗೊತ್ತಿರುವ ಸಂಗತಿ. ಲೋಕಲ್‌ ಟ್ರೇನಿನಲ್ಲಿ ಸೀಟು ಸಿಕ್ಕರೆ ಮೊದಲು ತಲೆಯ ಮೇಲಿನ ಫ್ಯಾನು ಗಟ್ಟಿಯಾಗಿದೆಯೇ ಎಂದು ಕತ್ತೆತ್ತಿ ನೋಡುತ್ತಾನೆ. ಮಗ ಶರಣ ಫೋನ್ ಎತ್ತದಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಠಾಣೆ, ಕಟ್ಟಕಡೆಗೆ ಫೋನಿನ ಚಾರ್ಜು ಮುಗಿದಿರಬಹುದು ಎನ್ನುವುದು ಅವನ ಯೋಚನೆ ಓಡುವ ದಾರಿ. ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಕೂತು, ಊರ ಮಂದಿಗೆ ಏನೇನು ಅನಾಹುತ ಆಗಬಹುದೆಂದು ಶೇಕಡಾ ಲೆಕ್ಕದಲ್ಲಿ ಬರೆಯುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡವನು ಇನ್ನು ಹೇಗಿದ್ದಾನು? "ಇವರಿಗೆ ಪಗಾರ ಕೊಟ್ಟು ಹೆದರೂದು ಕಲಿಸ್ಯಾರ" ಎಂದು ಹೆಂಡತಿ ರಾಚವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಆದರೆ ಅವನ ಹೆದರಿಕೆಗಳಲ್ಲೆಲ್ಲ ಹಿರಿಯದು ಒಂದು ಶಬ್ದದ್ದು. ಅವನ ತಾಯಿ ನಾಗವ್ವ ಆಡುವ 'ಒಲ್ಲೆ' ಎಂಬ ಶಬ್ದ.

ವಿಜಯಪುರದ ಕಡೆಯವರ ಮನೆಯಲ್ಲಿ ಇದು ಹೊತ್ತುಹೊತ್ತಿಗೂ ಕೇಳಿಬರುವ ಮಾತು. ಇನ್ನೊಂದು ರೊಟ್ಟಿ ಹಾಕಲೇನು? ಒಲ್ಲೆ. ಚಹಾ? ಒಲ್ಲೆ. ಬೇಡ ಎಂದರ್ಥ, ಅಷ್ಟೆ. ನಾಗವ್ವನಲ್ಲಿ ಮಾತ್ರ ಒಲ್ಲೆಗೆ ಎರಡು ಜಾತಿ. ಒಂದು ರೊಟ್ಟಿಯ ಒಲ್ಲೆ, ಅದು ಹೊತ್ತು ತಿರುಗಿದರೆ ಮರೆತುಹೋಗುತ್ತದೆ. ಇನ್ನೊಂದು ಹಿಂದಕ್ಕೆ ಬಾರದ ಒಲ್ಲೆ. 'ನನಗೆ ಆಗಲಿಲ್ಲ' ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ದಾನಪ್ಪ ಹುಟ್ಟಿದಾಗಿನಿಂದ ಕೇಳಿಲ್ಲ. ಆಗದಿದ್ದುದನ್ನೆಲ್ಲ ಆಕೆ ಒಲ್ಲದ್ದು ಮಾಡಿಕೊಂಡು ಬಿಡುತ್ತಾಳೆ.

ಮೊದಲು ಹೋದದ್ದು ಲೋಕಲ್. ಒಂದು ದಿನ ಬೊರಿವಲಿ ಸ್ಟೇಶನ್ನಿನ ಬ್ರಿಜ್ಜಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಎದುರಿಗಿದ್ದ ಸೀರೆಯ ಜಾಹೀರಾತನ್ನು ಭಾರಿ ಆಸಕ್ತಿಯಿಂದ ನೋಡತೊಡಗಿದಳು. ಎಷ್ಟು ಹೊತ್ತು ನೋಡಿದಳೆಂದರೆ ಹಿಂದಿನಿಂದ ಬಂದ ಜನ ದಾನಪ್ಪನನ್ನು ಬೈದು ಮುಂದೆ ಹೋದರು. ಮನೆಗೆ ಬಂದು ಹೇಳಿದ್ದು ಇಷ್ಟೇ: "ಲೋಕಲ್ ಒಲ್ಲೆ. ಆ ಗದ್ದಲದಾಗ ಏನೈತಿ?" ಆಮೇಲೆ ದಹಿಸರದಲ್ಲಿ ನಡೆಯುತ್ತಿದ್ದ ವಚನದ ಕೂಟ. ಲಿಫ್ಟಿಲ್ಲದ ಹಳೆಯ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಅದು. "ಒಲ್ಲೆ. ಅಲ್ಲಿ ವಚನಾ ಕಡಿಮಿ, ಬರೇ ಸೊಸ್ತೇರ ಮಾತು" ಎಂದಳು. ಸೊಸೆಯಂದಿರ ಮಾತೆಂದರೆ ಅವಳಿಗೂ ಪ್ರೀತಿಯೇ ಎಂಬುದು ರಾಚವ್ವನಿಗೆ ಗೊತ್ತಿತ್ತು. ಹೀಗೆ ಒಂದೊಂದೇ ಒಲ್ಲೆಯಾಗಿ, ನಾಗವ್ವನ ಮುಂಬಯಿ ಸಣ್ಣದಾಗುತ್ತ ಬಂದು, ಕಡೆಗೆ ಉಳಿದದ್ದು ಒಂದೇ ದಾರಿ. ಪ್ರತಿ ರವಿವಾರ ಬೊರಿವಲಿಯಿಂದ ವಿಲೆ ಪಾರ್ಲೆಗೆ, ತಂಗಿ ಶಿವಕುಮಾರಿಯ ಮನೆಗೆ.

ಶಿವಕುಮಾರಿ, ನಾಗವ್ವನ ಬಾಯಲ್ಲಿ ಶಿವಿ, ದಾನಪ್ಪನಿಗೆ ಚಿಗವ್ವ. ಡಿಗ್ರಿ ಮುಗಿಸಿ ಸಿಂದಗಿಯಿಂದ ಒಂದು ಟ್ರಂಕು ಹಿಡಿದು ಬಂದ ಹುಡುಗನಿಗೆ ತನ್ನ ಒಂದೇ ಖೋಲಿಯಲ್ಲಿ ಜಾಗ ಮಾಡಿಕೊಟ್ಟು, ಕೆಲಸ ಸಿಗುವ ತನಕ ಒಂದು ದಿನವೂ ಮುಖ ಸಪ್ಪೆ ಮಾಡದೆ ಉಣಿಸಿದವಳು. ಈಗ ಲಕ್ವ ಹೊಡೆದು ಅವಳ ಅರ್ಧ ಮೈ ಬಿದ್ದಿದೆ, ಮಾತೂ ಬಿದ್ದಿದೆ. ಉಳಿದಿರುವುದು 'ಅಕ್ಕಾ' ಎಂಬ ಒಂದು ಮಾತು. ರವಿವಾರ ಬಂತೆಂದರೆ ಅವಳಿಗೆ ಹೇಗೋ ತಿಳಿಯುತ್ತದೆ. ಬೆಳಗಿನಿಂದಲೇ ಕೂದಲು ಬಿಚ್ಚಿಸಿಕೊಂಡು, ಬಾಚಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ನಾಗವ್ವ ಹೋಗಿ ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕಬೇಕು. ಬೇರೆ ಯಾರು ಬಾಚಣಿಗೆ ಮುಟ್ಟಿದರೂ ಒಪ್ಪುವುದಿಲ್ಲ, ಹೆತ್ತ ಮಗಳಾದರೂ ಅಷ್ಟೇ. ಈ ರವಿವಾರದ ದಾರಿಯೂ ಒಲ್ಲೆ ಆಗಿಬಿಟ್ಟರೆ ಎಂಬುದೊಂದೇ ದಾನಪ್ಪನ ಎದೆಯಲ್ಲಿ ಕೂತ ಕಲ್ಲು.

ಗಾಡಿ ಕೊಂಡದ್ದೂ ಅದಕ್ಕಾಗಿಯೇ. ಶೋರೂಮುಗಳಲ್ಲಿ ಸೇಲ್ಸಿನವರು ಮೈಲೇಜು, ಸನ್‌ರೂಫು ಎಂದು ಹೇಳುತ್ತಿದ್ದರೆ ದಾನಪ್ಪ ಕಿವಿಗೇ ಹಾಕಿಕೊಳ್ಳದೆ, "ಅವ್ವ, ಕುಂದ್ರು" ಎನ್ನುತ್ತಿದ್ದ. ಸಣ್ಣ ಕಾರುಗಳಲ್ಲಿ ಕೂತವಳು ಏಳುವಾಗ ಮುಖ ಹಿಂಡಿದಳು. ದೊಡ್ಡ ಗಾಡಿಗಳಿಗೆ ಏಣಿ ಬೇಕಿತ್ತು. ಕಡೆಗೆ ಒಂದರ ಮುಂದೆ ನಿಂತು, ಗಾಡಿಗೆ ಬೆನ್ನು ಮಾಡಿ, ಸೀರೆಯನ್ನು ಹಿಂದಿನಿಂದ ಒಮ್ಮೆ ಸವರಿಕೊಂಡು ಸೀಟಿನ ಅಂಚಿಗೆ ಕೂತಳು. ಆಮೇಲೆ ಎರಡೂ ಕಾಲು ಒಟ್ಟಿಗೆ ಎತ್ತಿ ಒಳಗೆ ತಿರುಗಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ. "ನಮ್ಮ ಸಿಂದಗಿ ಮನಿ ಕಟ್ಟಿ ಇದ್ದಂಗ ಐತ್ಯೋ ಇದು" ಎಂದಳು. ಮನೆ ಮುಂದಿನ ಕಟ್ಟೆಯ ಮಾತು ಸೇಲ್ಸಿನವನಿಗೆ ತಿಳಿಯಲಿಲ್ಲ. ದಾನಪ್ಪ ಮಾತ್ರ ಬಣ್ಣ ಯಾವುದೆಂದೂ ಕೇಳದೆ ಬುಕ್ ಮಾಡಿದ.

ಅಂದಿನಿಂದ ಆ ಎಸ್‌ಯುವಿ ಅವರ ಮನೆಯಲ್ಲಿ 'ಕಟ್ಟಿ' ಆಯಿತು. "ಕಟ್ಟಿ ತೊಳದ್ರ್ಯಾ?" "ಕಟ್ಟಿ ಚಾವಿ ಎಲ್ಲಿ?" ರವಿವಾರ ಬೆಳಗ್ಗೆ ಗೇಟಿನ ಮುಂದೆ ನಾಗವ್ವ ಹಾಗೆ ತಾನೇ ಕೂತು ತಾನೇ ತಿರುಗುವುದನ್ನು ನೋಡುವಾಗ ದಾನಪ್ಪನ ಮೈಯೆಲ್ಲ ಹಗುರಾಗುತ್ತಿತ್ತು. ವಾರಕ್ಕೊಮ್ಮೆ ಅವನು ಹೆದರದೆ ಇರುತ್ತಿದ್ದುದು ಆ ಗಳಿಗೆಯಲ್ಲಿ.

ಹೀಗಿರುವಾಗ, ಮಳೆ ಇವತ್ತು ಬಂತು ನಾಳೆ ಬಂತು ಎನ್ನುವ ಜೂನಿನ ಮೊದಲಲ್ಲಿ, ಹವಾ ತುಂಬಿಸಲು ನಿಲ್ಲಿಸಿದಾಗ ಪಂಪಿನವನು ಹಿಂದಿನ ಚಕ್ರದ ಕಡೆ ಬೆರಳು ತೋರಿಸಿದ. ಟೈರಿನ ಪಕ್ಕದಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು. ಹೈವೇಯ ಯಾವುದೋ ಗುಂಡಿಯ ಪ್ರಸಾದ. ಉಳಿದ ಮೂರೂ ನುಣ್ಣಗೆ ಸವೆದು, ಬದಿಗಳಲ್ಲಿ ಬಿರುಕು ಬಿಟ್ಟಿದ್ದವು. "ಇದು ಯಾವಾಗ ಬೇಕಾದರೂ ಸಿಡಿಯಬಹುದು" ಎಂದು ಅವನು ಸಹಜವಾಗಿ ಹೇಳಿ ಮುಂದಿನ ಗಾಡಿಗೆ ಹೋದ. ಹಿಂದಿನ ಸೀಟು, ಅವ್ವ, ಮಳೆ, ಹೈವೇ, ಲಾರಿ. ಮನೆ ಮುಟ್ಟುವ ತನಕ ದಾನಪ್ಪ ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತ ಬಂದ.

ನಾಲ್ಕೂ ಟೈರು ಬದಲಿಸಬೇಕೆಂದು ಆಯಿತು. ಶರಣನಿಗೆ ಇದು ಹಬ್ಬದ ಸುದ್ದಿ. ಅಂಧೇರಿಯಲ್ಲಿ ಕೆಲಸ ಮಾಡುವ ಮಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡ ಅರ್ಧ ದಾರಿಗೆ ಹೋಗಿ ಹಿಂದಿ ಹಿಡಿದು ವಾಪಸು ಬರುತ್ತದೆ. "ಪಪ್ಪಾ, ಇದೇ ಚಾನ್ಸ್. ಸೆವೆಂಟೀನ್ ಇಂಚ್ ಅಲಾಯ್ ಹಾಕೋಣ. ಟಾಪ್ ಮಾಡೆಲ್‌ಗೆ ಕಂಪನೀನೇ ಅದನ್ನ ಕೊಡ್ತದ. ನಮ್ಮದು ಬೇಸ್ ಮಾಡೆಲ್, ಅದಕ್ಕ ಸಿಕ್ಸ್‌ಟೀನ್ ಐತಿ."

"ಹದಿನೇಳು?" ದಾನಪ್ಪ ಕೂತಲ್ಲೇ ನೆಟ್ಟಗಾದ. "ಹದಿನಾರ ಇದ್ದದ್ದು ಹದಿನೇಳ ಆದ್ರ ಗಾಡಿ ಏರೂದಿಲ್ಲೇನು? ಅವ್ವ ಹ್ಯಾಂಗ ಕುಂದ್ರಬೇಕು?"

"ಏರಂಗಿಲ್ಲ ಪಪ್ಪಾ. ರಿಮ್ ದೊಡ್ಡದು ಆದ್ರ ರಬ್ಬರ್ ಪತ್ಲಾ ಆಗ್ತದ. ಆ ಸೈಡಿನ ದೀವಾರ್ ಇರ್ತದಲ್ಲ, ಅದು ಕಮ್ ಆಗ್ತದ. ಟೋಟಲ್ ಸೇಮ್."

"ದೀವಾರೂ ಬ್ಯಾಡ, ಛತ್ತೂ ಬ್ಯಾಡ. ಹದಿನಾರ ಅಂದ್ರ ಹದಿನಾರ."

ಶರಣ ಫೋನಿನಲ್ಲಿ ಚಿತ್ರ ತೋರಿಸಲು ಬಂದ. ದಾನಪ್ಪ ನೋಡಲಿಲ್ಲ. ಹುಡುಗರಿಗೆ ಶೋಕಿ ಮುಖ್ಯ, ಮುದುಕಿಯ ಮೊಣಕಾಲು ಅವರಿಗೇನು ಗೊತ್ತು ಎಂದು ಅವನು ಆಗಲೇ ತೀರ್ಮಾನಿಸಿ ಆಗಿತ್ತು. ಹೆದರುವವರ ಹಟ ಧೈರ್ಯವಂತರ ಹಟಕ್ಕಿಂತ ಗಟ್ಟಿ. ಅವನು ಹದಿನಾರನ್ನು ಮಂತ್ರದಂತೆ ಹಿಡಿದುಕೊಂಡ.

ಶನಿವಾರ ಒಬ್ಬನೇ ಟೈರಿನ ಅಂಗಡಿಗೆ ಹೋದ. ಅಂಗಡಿಯ ಅಕ್ಷಯ ಚುರುಕು ನಾಲಿಗೆಯವನು. ಹಳೆಯ ಟೈರಿನ ಮೇಲಿದ್ದ ಅಂಕೆಗಳನ್ನು ಬಗ್ಗಿ ಓದಿದ: 215, 65, ಆಮೇಲೆ 16. ಆ ಸೈಜು ಸದ್ಯಕ್ಕಿಲ್ಲ, ಮುಂದಿನ ವಾರ ಬರಬಹುದು, ಬಾರದಿರಲೂ ಬಹುದು ಎಂದ. ದಾನಪ್ಪ ಆಕಾಶ ನೋಡಿದ. ಮೋಡ ಕಪ್ಪಾಗಿತ್ತು. ಉಬ್ಬಿದ ಟೈರನ್ನು ನೋಡಿದ. ಅದು ಇನ್ನಷ್ಟು ಉಬ್ಬಿದೆ ಎಂದು ಅವನಿಗೆ ಅನಿಸಿತು. ಆಗ ಅಕ್ಷಯ ಒಳಗಿನಿಂದ ಬೇರೊಂದನ್ನು ಉರುಳಿಸಿಕೊಂಡು ಬಂದ. 235, 70, ಆಮೇಲೆ 16.

"ಅಂಕಲ್, ರಿಮ್ ಸೇಮ್. ಸೋಲಾ ಕಾ ಸೋಲಾ. ಥೋಡಾ ಚೌಡಾ ಹೈ, ಬಸ್."

"ಪಕ್ಕಾ ಸೋಲಾ?"

"ಪಕ್ಕಾ."

ದಾನಪ್ಪ ಚಷ್ಮಾ ತೆಗೆದು ಒರೆಸಿ ಹಾಕಿಕೊಂಡು ತಾನೇ ಓದಿದ. ಹದಿನಾರು ಇತ್ತು. ಅಗಲ ಸ್ವಲ್ಪ ಹೆಚ್ಚು, ಇರಲಿ, ಮಳೆಯಲ್ಲಿ ಹಿಡಿತ ಒಳ್ಳೆಯದು. ಅರವತ್ತೈದರ ಜಾಗದಲ್ಲಿ ಎಪ್ಪತ್ತು. ಐದೇ ಹೆಚ್ಚು. ಐದು ಮಿಲಿಮೀಟರ್ ಎಂದರೆ ಎಷ್ಟು? ಜೋಳದ ಕಾಳಿನಷ್ಟು. ಅವ್ವನಿಗೆ ಜೋಳದ ಕಾಳಿನಷ್ಟು ಎತ್ತರ ಲೆಕ್ಕವಾದೀತೇ? "ಹಾಕ್ರಿ" ಎಂದ. ನಾಲ್ಕೂ ಹಾಕಿ ಮುಗಿಯುವ ತನಕ ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿಸಿದರೇ ಎಂದು ನೋಡುತ್ತ ನಿಂತ.

ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಹತ್ತಿರ ಎಲ್ಲೋ ಕರ್ ಎಂದಿತು. ಒಂದೇ ಸಲ. ಕಲ್ಲು ಸಿಕ್ಕಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮೇಲಿನ ಬಾಲ್ಕನಿಯಿಂದ ನೋಡಿದ ರಾಚವ್ವ, "ಏನ್ರೀ, ಕಟ್ಟಿ ಭಾಳ ಗತ್ತಿಲೆ ನಿಂತೈತಲ್ಲ, ಎತ್ತರ ಕಾಣಸ್ತೈತಿ" ಎಂದಳು. ದಾನಪ್ಪ ಚಕ್ರದ ಕಡೆ ಒಮ್ಮೆ ನೋಡಿದ. "ಹೊಸಾ ಟಾಯರ್ ಅಲಾ, ಹಂಗ ಕಾಣಸ್ತೈತಿ" ಎಂದ. ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ರವಿವಾರ ನಾಗವ್ವ ಇಳಕಲ್ ಸೀರೆ ಉಟ್ಟು, ಎಣ್ಣೆಯ ಬಾಟಲಿ ಇದ್ದ ಚೀಲ ಹಿಡಿದು ಕೆಳಗೆ ಬಂದಳು. ದಾನಪ್ಪ ಬಾಗಿಲು ತೆಗೆದು ಹಿಡಿದ. ಅವಳು ಗಾಡಿಗೆ ಬೆನ್ನು ಮಾಡಿದಳು, ಸೀರೆ ಸವರಿದಳು, ಕೂತಳು. ಅಂದರೆ ಕೂರಲು ಹೋದಳು. ಸೀಟಿನ ಅಂಚು ಸಿಗಬೇಕಾದಲ್ಲಿ ಸಿಗಲಿಲ್ಲ, ಸೊಂಟಕ್ಕೆ ತಾಗಿ ಅವಳನ್ನು ಮುಂದಕ್ಕೆ ದೂಡಿತು. ಒಂದು ಹೆಜ್ಜೆ ತಡವರಿಸಿ ನಿಂತಳು. ಇನ್ನೊಮ್ಮೆ ನೋಡಿದಳು, ಹಿಮ್ಮಡಿ ಎತ್ತಿ, ಬೆರಳ ಮೇಲೆ ನಿಂತು. ಆಗಲಿಲ್ಲ. ದಾನಪ್ಪ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದ ರೀತಿಗೆ ಕೈ ತಾನಾಗಿ ಹಿಂದಕ್ಕೆ ಬಂತು. ಗೇಟಿನ ಹತ್ತಿರ ಹಾಲಿನ ಚೀಲ ಹಿಡಿದ ಇಬ್ಬರು ಹೆಂಗಸರು ಇತ್ತಲೇ ನೋಡುತ್ತಿದ್ದರು. ರಾಚವ್ವ, "ಅತ್ತಿ, ಒಂದು ಸ್ಟೂಲ್ ತರ್ತೀನಿ" ಎಂದು ಓಡಹೊರಟಳು.

"ಸ್ಟೂಲ್ ಯಾಕ? ನಾ ಏನು ನಾಟಕದಾಗ ಸಿಂಹಾಸನ ಏರಾಕತ್ತೀನೇನು?" ನಾಗವ್ವ ಸೆರಗು ಸರಿಮಾಡಿಕೊಂಡಳು. ಆಕಾಶದ ಕಡೆ ಮುಖ ಎತ್ತಿದಳು. ಬ್ರಿಜ್ಜಿನ ಮೇಲೆ ಜಾಹೀರಾತು ನೋಡಿದ ಅದೇ ಮುಖ. "ಸೆಕಿ ಭಾಳ ಐತಿ. ಪಾರ್ಲೆ ಒಲ್ಲೆ."

ಇವತ್ತು ಒಲ್ಲೆ ಎನ್ನಲಿಲ್ಲ. ಪಾರ್ಲೆ ಒಲ್ಲೆ ಎಂದಳು. ಇದು ಹಿಂದಕ್ಕೆ ಬಾರದ ಒಲ್ಲೆ.

ಸಂಜೆ ಚಿಗವ್ವನ ಮಗಳ ಫೋನು ಬಂತು. ದೊಡ್ಡವ್ವ ಯಾಕೆ ಬರಲಿಲ್ಲ ಎಂದು ಕೇಳಿದಳು. ತನ್ನ ಅವ್ವ ಇನ್ನೂ ಕೂದಲು ಬಿಚ್ಚಿಕೊಂಡೇ ಕೂತಿದ್ದಾಳೆ, ಊಟವನ್ನೂ ಮಾಡಿಲ್ಲ ಎಂದಳು. ದಾನಪ್ಪ ಫೋನನ್ನು ತಾಯಿಯ ಕೈಗೆ ಕೊಡಲು ಹೋದರೆ ನಾಗವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ಸಣ್ಣ ಬೆನ್ನು ಅದು ಎಂದು ಮಗನಿಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

ದಾನಪ್ಪ ಮಗನನ್ನು ಕರೆದುಕೊಂಡು ಕೆಳಗಿಳಿದ. ಶರಣ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಕೆ ನೋಡಿದ. "ಪಪ್ಪಾ! ಸೆವೆಂಟಿ ಹಾಕಿಸೀಯೇನು?"

"ಐದ ಮಿಲಿಮೀಟರ್ ಅಲ್ಲೇನೋ ಹೆಚ್ಚಿಗಿ?"

"ಮಿಲಿಮೀಟರ್ ಅಲ್ಲ ಪಪ್ಪಾ. ಪರ್ಸೆಂಟ್."

ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ದಾನಪ್ಪ ನಾಲಿಗೆ ಕಚ್ಚಿಕೊಂಡ. ಶರಣ ತನ್ನ ಹರಕು ಕನ್ನಡದಲ್ಲಿ ಬಿಡಿಸಿ ಹೇಳಿದ. ಮೊದಲಿನ ಅಂಕೆ ಟೈರಿನ ಅಗಲ. ಎರಡನೆಯದು, ಆ ಅಗಲದ ನೂರಕ್ಕೆ ಇಷ್ಟು ಪಾಲು ಬದಿಯ ಗೋಡೆಯ ಎತ್ತರ. ಹದಿನಾರು ಎನ್ನುವುದು ಒಳಗಿನ ಕಬ್ಬಿಣದ ಬಳೆಯ ಅಳತೆ ಮಾತ್ರ, ಗಾಡಿಯ ಎತ್ತರಕ್ಕೆ ಅದೊಂದೇ ಲೆಕ್ಕವಲ್ಲ. ಮುಂದಿನದನ್ನು ದಾನಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ಇನ್ನೂರ ಹದಿನೈದರ ಶೇಕಡಾ ಅರವತ್ತೈದು ನೂರ ನಲವತ್ತು. ಇನ್ನೂರ ಮೂವತ್ತೈದರ ಎಪ್ಪತ್ತು ನೂರ ಅರವತ್ತೈದು. ಜೋಳದ ಕಾಳಲ್ಲ, ಪೂರಾ ಒಂದು ಇಂಚು. ಆಯುಷ್ಯವೆಲ್ಲ ಶೇಕಡಾ ತಿಂದು ಶೇಕಡಾ ಉಟ್ಟವನು ಟೈರಿನ ಮೇಲೆ ಅದನ್ನು ಕಂಡು ಗುರುತು ಹಿಡಿಯಲಿಲ್ಲ. ಹದಿನೇಳರ ರಿಮ್ಮಿಗೆ ಹಳೆಯ ಅಗಲದ್ದೇ ಅರವತ್ತರ ಟೈರು ಹಾಕಿದ್ದರೆ ಎರಡೇ ಮಿಲಿಮೀಟರ್ ಏರುತ್ತಿತ್ತು ಎಂದು ಶರಣ ಹೇಳಿದ. ಮೊದಲ ದಿನವೇ ಅವನು ಹೇಳಿದ್ದು ಅದನ್ನೇ. ದಾನಪ್ಪ ತಪ್ಪು ಅಂಕೆಗೆ ಕಾವಲು ಕೂತಿದ್ದ.

"ತಪ್ಪಾತೋ ಶರಣ" ಎಂದ. ಮಗ ಜಂಬ ಕೊಚ್ಚಲಿಲ್ಲ, ಅಪ್ಪನ ಹೆಗಲ ಮೇಲೆ ಕೈಯಿಟ್ಟ. ಅದರಿಂದ ದಾನಪ್ಪನಿಗೆ ಇನ್ನಷ್ಟು ನಾಚಿಕೆಯಾಯಿತು.

ಅಕ್ಷಯ ಗೊಣಗಿದ, ಆದರೆ ಒಪ್ಪಿದ. ವಾರದ ನಡುವೆ ಹದಿನೇಳರ ಅಲಾಯ್ ರಿಮ್ಮು, ಅದಕ್ಕೆ ತಕ್ಕ ಟೈರು ಬಂದವು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕರ್ ಎನ್ನುವ ಸದ್ದೂ ಹೋಯಿತು. ಗಾಡಿ ಸರಿಹೋಯಿತು. ಆದರೆ ಒಲ್ಲೆ? ಅದನ್ನು ಯಾವ ಅಂಗಡಿಯಲ್ಲಿ ಬದಲಿಸುವುದು? ಲೋಕಲ್ಲಿನ ಒಲ್ಲೆ ಹಿಂದಕ್ಕೆ ಬಂದಿರಲಿಲ್ಲ, ವಚನದ್ದೂ ಬಂದಿರಲಿಲ್ಲ.

ಅದರ ಮೇಲೆ ಮನೆಯಲ್ಲಿ ಹೊಸ ಚಿಂತೆ. ನಾಗವ್ವ ಊಟ ಕಡಿಮೆ ಮಾಡಿದಳು. ಬಾಲ್ಕನಿಯ ಹಗ್ಗಕ್ಕೆ ತಾನೇ ಹಾಕುತ್ತಿದ್ದ ಸೀರೆಯನ್ನು ಸೊಸೆಯ ಕೈಗೆ ಕೊಟ್ಟಳು. ಗುರುವಾರ ದಾನಪ್ಪ ಆಫೀಸಿನಿಂದ ಬಂದಾಗ ರಾಚವ್ವ ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದಳು: "ರೀ, ಅತ್ತಿ ಇವತ್ತ ಕನ್ನಡಿ ಮುಂದ ನನ್ನ ಬಾಜೂಕ ಬಂದು ನಿಂತಿದ್ರು. 'ನಾ ಮೊದಲ ನಿನ್ನ ಕಿವಿ ಮಟಾ ಬರ್ತಿದ್ನೋ ಇಲ್ಲೋ?' ಅಂತ ಕೇಳಿದ್ರು. ನಾ ಏನ್ ಹೇಳಬೇಕು?"

ದಾನಪ್ಪನ ತಲೆ ಎಂದಿನ ದಾರಿಯಲ್ಲೇ ಓಡಿತು. ಎಲುಬಿನ ರೋಗ. ತಲೆಯ ರೋಗ. ಯಾವ ಡಾಕ್ಟರು, ಯಾವ ಸ್ಕ್ಯಾನು.

ಶುಕ್ರವಾರ ಮಧ್ಯಾಹ್ನ ಫೋರ್ಟಿನಲ್ಲಿ, ತಾನು ದಿನಾ ಉಣ್ಣುವ ಉಡುಪಿ ಹೋಟೆಲಿನಲ್ಲಿ, ಗಲ್ಲಾದ ಹಿಂದೆ ಕೂತ ಅಣ್ಣುವಿನ ಮುಂದೆ ಎಲ್ಲವನ್ನೂ ತೋಡಿಕೊಂಡ. ಅಣ್ಣುವಿಗೆ ಅಷ್ಟು ಹೊತ್ತಿಗೆ ಟೈರಿನ ಕಥೆ ಬಾಯಿಪಾಠವಾಗಿತ್ತು. ಆಫೀಸಿನ ಪ್ಯೂನಿಗೂ, ಲೋಕಲ್ಲಿನ ಗುಂಪಿಗೂ ಆಗಿತ್ತು.

"ಅಲ್ಲ ದಾನಪ್ಪಣ್ಣ, ಇಡೀ ಫೋರ್ಟಿಗೆ ಹೇಳಿದ್ರಿ. ಅಮ್ಮನಿಗೆ ಹೇಳಿದ್ರಾ?"

"ಅವ್ವಗ? ಅಕಿಗೆ ಟಾಯರಿಂದು ಏನ್ ತಿಳೀತೈತ್ರೀ. ಹೇಳಿದ್ರ ಸುಮ್ಮಸುಮ್ಮನ ಹೆದರ್ತಾಳ."

"ಅವರು ಹೆದರುದೋ, ನೀವು ಹೆದರುದೋ ಮಾರಾಯ್ರೆ?" ಎಂದು ಅಣ್ಣು ಬಿಲ್ಲು ಕೊಡಲು ನಿಂತ ಗಿರಾಕಿಯ ಕಡೆ ತಿರುಗಿದ.

ಮೊಸರನ್ನದ ತಟ್ಟೆಯ ಮುಂದೆ ಬಂದು ಕೂತರೂ ದಾನಪ್ಪನ ಕೈ ಬಾಯಿಗೆ ಹೋಗಲಿಲ್ಲ. ಟೈರು ಬದಲಿಸಿದ್ದು ಅವ್ವನಿಗೆ ಗೊತ್ತಿಲ್ಲ. ಉಬ್ಬು ಬಂದದ್ದು ಗೊತ್ತಿಲ್ಲ, ಹದಿನಾರು ಗೊತ್ತಿಲ್ಲ, ಇಂಚು ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಇಷ್ಟೇ: ಹೋದ ವಾರದ ತನಕ ಕೂತ ಕಟ್ಟೆಯ ಮೇಲೆ ಈ ವಾರ ಕೂರಲಾಗಲಿಲ್ಲ. ಕಟ್ಟೆ ಎಲ್ಲಾದರೂ ಬೆಳೆಯುತ್ತದೆಯೇ? ಹಾಗಾದರೆ ಕಡಿಮೆಯಾದದ್ದು ಯಾರು? ಕನ್ನಡಿಯ ಮುಂದೆ ಸೊಸೆಯ ಕಿವಿಗೆ ತನ್ನ ತಲೆ ಅಳೆದುಕೊಂಡು ನಿಂತ ತಾಯಿ ಅವನ ಕಣ್ಣಿಗೆ ಕಟ್ಟಿದಳು. ಅವನು ಮೊಸರನ್ನವನ್ನು ಹಾಗೇ ಬಿಟ್ಟು ಎದ್ದ. ಆಫೀಸಿಗೆ ಹೋಗಲಿಲ್ಲ, ಚರ್ಚ್‌ಗೇಟಿಗೆ ಹೋಗಿ ಲೋಕಲ್ ಹಿಡಿದ. ಬೊರಿವಲಿ ಅವತ್ತಿನಷ್ಟು ದೂರ ಎಂದೂ ಇರಲಿಲ್ಲ.

ನಾಗವ್ವ ಕಿಡಕಿಯ ಹತ್ತಿರ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗನನ್ನು ನೋಡಿ, "ಯಾಕೋ, ಆಫೀಸ್ ಮುಚ್ಚಿದ್ರೇನು?" ಎಂದಳು. ದಾನಪ್ಪ ಬೂಟು ಬಿಚ್ಚುವುದನ್ನೂ ಮರೆತು ಅವಳ ಎದುರಿಗೆ ನೆಲದ ಮೇಲೆ ಕೂತ.

"ಅವ್ವ, ಒಂದು ತಪ್ಪು ಮಾಡೀನಿ. ಕಟ್ಟಿ ಟಾಯರ್ ಹಾಳಾಗಿದ್ವು. ನಿನಗ ಹೇಳಲಾರದ ಬ್ಯಾರೆ ಹಾಕಿಸಿದೆ. ಅಳತಿ ತಪ್ಪಿ ಹಾಕಿಸಿದೆ. ಹೋದ ರವಿವಾರ ಗಾಡಿ ಎತ್ತರ ಆಗಿತ್ತು."

ನಾಗವ್ವನ ಬೆರಳುಗಳು ಮೆಂತ್ಯದ ಕಡ್ಡಿಯಲ್ಲೇ ನಿಂತವು. "ಏನಂದಿ?"

"ಗಾಡಿ ಎತ್ತರ ಆಗಿತ್ತವ್ವ. ಇಷ್ಟು." ಅವಳ ಹೆಬ್ಬೆರಳು ಹಿಡಿದು ಮೇಲಿನ ಗೆಣ್ಣು ತೋರಿಸಿದ.

ನಾಗವ್ವ ತನ್ನ ಹೆಬ್ಬೆರಳನ್ನು ತಾನೇ ಹೊಸದಾಗಿ ಕಂಡವಳ ಹಾಗೆ ನೋಡಿದಳು. ಒಮ್ಮೆ ಮಡಚಿದಳು, ಬಿಚ್ಚಿದಳು. ಆಮೇಲೆ ಕೈಯಲ್ಲಿದ್ದ ಮೆಂತ್ಯದ ಕಟ್ಟು ಮಗನ ಎದೆಗೆ ಬಂದು ಬಿತ್ತು.

"ಖೋಡಿ! ಗಾಡಿ ಬೆಳದಿತ್ತೇನೋ? ನಾ ಸವದೀನಿ ಅಂತ ತಿಳಕೊಂಡು ಕುಂತಿದ್ನೆಲ್ಲೋ! ವಾರಾ ಆತು, ಇನ್ನ ಮುಗೀತು ನಂದು, ದಿನಾ ಇಷ್ಟಿಷ್ಟು ಸವಕೋಂತ ಹೋಗೂದು ಅಂತ... ಶಿವಿ ಮುಂದ ಹ್ಯಾಂಗ ಹೇಳೂದು ಅಂತ..." ಮುಂದೆ ಮಾತು ಹೊರಡಲಿಲ್ಲ. ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತಳು. ಗಂಡ ತೀರಿಕೊಂಡಾಗ ಅತ್ತದ್ದು ಬಿಟ್ಟರೆ ದಾನಪ್ಪ ತಾಯಿಯ ಅಳು ಕಂಡದ್ದು ಇದೇ. ಅವನಿಗೂ ತಡೆಯಲಾಗಲಿಲ್ಲ. ಬೂಟಿನ ಮೇಲೆಲ್ಲ ಮೆಂತ್ಯದ ಎಲೆ ಬಿದ್ದಿದ್ದವು. ಚಹಾ ತಂದ ರಾಚವ್ವ ಇಬ್ಬರನ್ನೂ ನೋಡಿ, ಲೋಟಗಳನ್ನು ಅಲ್ಲಿಟ್ಟು ಹೋದಳು.

ರವಿವಾರ ಮಳೆ ಒಂದು ಸುತ್ತು ಬಂದು ನಿಂತಿತ್ತು. ಅಷ್ಟಾದರೂ ದಾನಪ್ಪನ ಹೆದರಿಕೆ ಹೋಗಿರಲಿಲ್ಲ. ಹೊಸ ಟೈರಿನ ರಬ್ಬರು ದಪ್ಪ, ಸವೆದದ್ದಕ್ಕಿಂತ ನಾಲ್ಕು ಕೂದಲಾದರೂ ಹೆಚ್ಚೇ ಇರುತ್ತದೆ ಎಂದು ಬೆಳಗ್ಗೆ ಎದ್ದಾಗಲೇ ಹೊಳೆದುಬಿಟ್ಟಿತ್ತು. ಅವನು ಬಾಗಿಲು ತೆಗೆದು ನಿಂತ. ನಾಗವ್ವ ಬಂದಳು. ಮೊದಲು ಬಗ್ಗಿ ಹೊಸ ಚಕ್ರವನ್ನು ನೋಡಿ, ಕಳ್ಳನನ್ನು ಕಂಡಂತೆ ಮೂಗು ಮುರಿದಳು. ಆಮೇಲೆ ಗಾಡಿಗೆ ಬೆನ್ನು ಮಾಡಿದಳು. ಸೀರೆ ಸವರಿದಳು. ಒಂದು ಗಳಿಗೆ ಹಾಗೇ ನಿಂತಳು. ಅವಳಿಗೂ ಹೆದರಿಕೆ ಇದೆ ಎಂದು ದಾನಪ್ಪನಿಗೆ ಮೊದಲ ಸಲ ಕಂಡಿತು. ಶರಣ ಗೇಟಿನ ಕಡೆ ನೋಡುವವನಂತೆ ನಟಿಸುತ್ತಿದ್ದ.

ಕೂತಳು. ಎರಡೂ ಕಾಲು ಎತ್ತಿ ಒಳಗೆ ತಿರುಗಿದಳು.

"ಹೂಂ. ಕಟ್ಟಿ" ಎಂದಳು. ರಾಚವ್ವ ಬಾಗಿಲು ಹಾಕಿದಳು. ದಾನಪ್ಪ ಡ್ರೈವರ್ ಸೀಟಿಗೆ ಹೋಗುವ ಮೊದಲು ಗಾಡಿಯ ಹಿಂದೆ ನಿಂತು ಕಣ್ಣು ಒರೆಸಿಕೊಂಡ.

ಸ್ಟೇಶನ್ ರೋಡಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಎದುರಿಗೆ ಅದೇ ಬ್ರಿಜ್ಜು, ಅದರ ಮೆಟ್ಟಿಲ ಮೇಲೆ ಕೊಡೆ ಮಡಚಿಕೊಂಡು ಏರುವ ಜನ. ನಾಗವ್ವ ಗಾಜಿಗೆ ಹಣೆ ಹಚ್ಚಿ ತುಂಬ ಹೊತ್ತು ನೋಡಿದಳು.

"ಏ ದಾನ್ಯಾ, ಅವತ್ತ ಆ ಬ್ರಿಜ್ಜಿನ ಪಾವಟಿಗಿನೂ ಹಿಂಗ ಏನರ ಎತ್ತರ ಮಾಡಿದ್ರೇನೋ?"

ದಾನಪ್ಪನ ನಾಲಿಗೆಯ ತುದಿಗೆ 'ಹೂಂ' ಬಂದು ನಿಂತಿತು. ಹೂಂ ಎಂದುಬಿಟ್ಟರೆ ಅವಳಿಗೆ ಎಷ್ಟು ಸಮಾಧಾನ. ಆದರೆ ಹೇಳದೆ ಇಟ್ಟ ಮಾತು ಅವಳಿಗೆ ಏನು ಮಾಡಿತ್ತೆಂದು ಅವನು ಮೊನ್ನೆಯಷ್ಟೇ ಕಂಡಿದ್ದ.

"ಇಲ್ಲವ್ವ. ಅವು ಇದ್ದಷ್ಟ ಅದಾವು."

ಸಿಗ್ನಲ್ ಬಿಟ್ಟಿತು. ಬ್ರಿಜ್ಜು ಹಿಂದಕ್ಕೆ ಹೋಯಿತು. ದಾನಪ್ಪ ಕನ್ನಡಿಯಲ್ಲಿ ನೋಡಲು ಹೆದರಿದ.

"ಹಂಗಾರ ಅಲ್ಲಿ ನನಗ ಆಗಲಿಲ್ಲ ನೋಡು" ಎಂದಳು ನಾಗವ್ವ. ದನಿಯಲ್ಲಿ ದುಃಖವಿರಲಿಲ್ಲ, ಲೆಕ್ಕ ಸರಿಹೋದವಳ ದನಿಯಾಗಿತ್ತು. ಎಣ್ಣೆಯ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. "ಲಗೂನ ಹೊಡಿಯೋ. ಶಿವಿ ಕೂದಲಾ ಬಿಟಗೊಂಡು ಕುಂತಿರ್ತಾಳ."